ತಿಳಿದೀಪ

ಸವಣಗಿರಿಯಲ್ಲಿ ಭಾನುವಾರ ಎಂದರೆ ಉಪನ್ಯಾಸ. ಬೇರೆ ಊರಿಗೆ ಸಂತೆ ಹೇಗೋ, ಕುಸ್ತಿಯ ಕಣ ಹೇಗೋ, ಈ ಊರಿಗೆ ವಿಶ್ವವಿದ್ಯಾಲಯದ ಗುಡ್ಡದ ಮೇಲಿನ ವಿಜ್ಞಾನ ಸಭಾಂಗಣ ಹಾಗೆ. ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಜನ ಕೂತಿರುತ್ತಿದ್ದರು. ನಿವೃತ್ತ ಮಾಸ್ತರರು, ವಕೀಲರು, ಹಾಸ್ಟೆಲ್ಲಿನ ಹುಡುಗಿಯರು, ಸ್ಟೇಷನ್ ರಸ್ತೆಯ ಬಾಂಡೆ ಅಂಗಡಿಯವರು, ರಜೆಯಲ್ಲಿದ್ದ ಕಂಡಕ್ಟರುಗಳು. ಜೇನುಹುಳು ದಾರಿ ಗುರುತಿಸುವ ಬಗೆ, ಭೂಕಂಪ, ಕಪ್ಪು ರಂಧ್ರ, ಹಲ್ಲಿನ ಹುಳುಕು, ವಿಷಯ ಯಾವುದಾದರೂ ಬರುತ್ತಿದ್ದರು. ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಗಿರಮಿಟ್ಟು ತಿನ್ನುತ್ತ ವಾದಕ್ಕೆ ಬೀಳುತ್ತಿದ್ದರು. ಅರ್ಧಕ್ಕರ್ಧ ತಪ್ಪು ವಾದ. ಆದರೂ ವಾದ.

ನೀಲಗಂಗಾ ಹಂಪಣ್ಣವರ ಅದೇ ವಿಶ್ವವಿದ್ಯಾಲಯದಲ್ಲಿ ನರವಿಜ್ಞಾನದ ಪ್ರಾಧ್ಯಾಪಕಿ. ಅವಳ ಜೊತೆ ಪ್ರತಿ ವಾರ ಗುಡ್ಡ ಹತ್ತುತ್ತಿದ್ದವಳು ನಾದಿನಿ ಕಸ್ತೂರಿ. ನೀಲಗಂಗಾಳ ಗಂಡ ಶಂಕರನ ತಂಗಿ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು, ಮಹಿಳಾ ಹಾಸ್ಟೆಲ್ಲಿನ ಎದುರಿಗೆ ಖಾನಾವಳಿ ಹಾಕಿ, ಒಬ್ಬಳೇ ಮಗಳು ಮಂದಾಕಿನಿಯನ್ನು ಎಂ.ಎ.ವರೆಗೆ ತಂದವಳು. ತಾನು ಓದಿದ್ದು ಏಳನೆಯ ಇಯತ್ತೆ. ಭಾನುವಾರ ಬೆಳಗಿನ ರೊಟ್ಟಿ ಬಡಿಯುವ ಕೆಲಸವನ್ನು ಮಗಳಿಗೆ ಒಪ್ಪಿಸಿ, ಇಳಕಲ್ಲ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕೂರುವಳು.

ಒಮ್ಮೆ ದೂರದಿಂದ ಬಂದ ವಿದ್ವಾಂಸರೊಬ್ಬರು ಗುರುತ್ವದ ಅಲೆಗಳ ಬಗ್ಗೆ ಮಾತಾಡಿ, ಕೆಳಗಿಳಿದು ಬಂದು ಕಸ್ತೂರಿಯನ್ನೇ ಕೇಳಿದರು, "ತಿಳಿಯಿತೇನಮ್ಮಾ?"

"ಚಲೋತ್ನಂಗ ತಿಳೀತ್ರಿ ಸರ," ಎಂದಳು ಕಸ್ತೂರಿ, ಕೈ ಮುಗಿದು.

ಗುಡ್ಡ ಇಳಿಯುವಾಗ ನೀಲಗಂಗಾ ಕೆಣಕಿದಳು. "ಏನ್ ತಿಳೀತ ಹೇಳು ನೋಡೋಣ."

"ಏನೂ ತಿಳೀಲಿಲ್ಲ ವೈನಿ. ಆದ್ರ ಪಾಪ, ಅಷ್ಟ್ ದೂರದಿಂದ ಬಂದಾರ, ತಾಸುಗಟ್ಟಲೆ ನಿಂತ್ ಮಾತಾಡ್ಯಾರ. ತಿಳೀಲಿಲ್ಲ ಅಂದ್ರ ಅವರಿಗೆ ಕೆಟ್ಟ ಅನಸೂದಿಲ್ಲೇನು?"

"ಹಂಗಾರ ಬರೂದರ ಯಾಕ?"

"ನನಗ ತಿಳೀಲಾರದ್ದು ಇಷ್ಟ್ ಐತಿ ಅಂತರ ಗೊತ್ತಾಗ್ತದಲ್ಲ," ಎಂದು ನಕ್ಕಳು ಕಸ್ತೂರಿ.

ನಾದಿನಿಗೆ ಅದು ನಗೆಯ ಮಾತು. ನೀಲಗಂಗಾಳಿಗೆ ಅದು ಮುಳ್ಳಿನಂತೆ ಉಳಿಯಿತು. ಎಷ್ಟು ಭಾನುವಾರ, ಎಷ್ಟು ಜನ, ಎಷ್ಟು ಮರ್ಯಾದೆಯ ಸುಳ್ಳು! ಎದುರು ಕೂತವರಿಗೆ ತಿಳಿಯಿತೋ ಇಲ್ಲವೋ ಎಂಬುದು ಮಾತಾಡುವವನ ಕಣ್ಣಿಗೆ ನೇರವಾಗಿ ಕಂಡರೆ? ಕಾಣದೆ ತಾನೇ ಇಷ್ಟೆಲ್ಲ ಮಾತು ಗಾಳಿಗೆ ಹೋಗುವುದು?

ಆ ಪ್ರಶ್ನೆಯ ಹಿಂದೆ ಅವಳು ವರ್ಷಗಟ್ಟಲೆ ಬಿದ್ದಳು. ಕಗ್ಗಂಟಾಗಿದ್ದ ವಿಷಯವೊಂದು ತಟ್ಟನೆ ಬಿಡಿಸಿಕೊಂಡಾಗ ಮಿದುಳಿನಲ್ಲಿ ಒಂದು ಸಣ್ಣ ವಿದ್ಯುತ್ ಅಲೆ ಏಳುತ್ತದೆ. 'ಹಾಂ!' ಎಂದು ಬಾಯಿಂದ ಬರುವ ಮುಂಚೆಯೇ ಅದು ಎದ್ದು ಅಡಗಿರುತ್ತದೆ. ಕಿವಿಯ ಹಿಂದೆ ಅಂಟಿಸಿಕೊಳ್ಳುವ, ಹಣೆಬೊಟ್ಟಿನಷ್ಟು ಅಗಲದ ಪಟ್ಟಿಯೊಂದು ಆ ಅಲೆಯನ್ನು ಹಿಡಿಯುವಂತೆ ಅವಳು ಮಾಡಿದಳು. ಸಭೆಯಲ್ಲಿದ್ದವರ ಅಲೆಗಳನ್ನೆಲ್ಲ ಕೂಡಿಸಿ ವೇದಿಕೆಯ ಮೇಲೆ ತೂಗುಹಾಕಿದ ದೊಡ್ಡ ಗಾಜಿನ ಗೋಳಕ್ಕೆ ಕೊಟ್ಟಳು. ತಿಳಿಯದಿದ್ದರೆ ಗೋಳ ಬೂದಿ ಬಣ್ಣ. ತಿಳಿಯುತ್ತ ಹೋದಂತೆ ಹಳದಿ, ಆಮೇಲೆ ಕೇಸರಿ. ಊರಿನವರು ಅದಕ್ಕೆ ತಾವೇ ಹೆಸರಿಟ್ಟರು, ತಿಳಿದೀಪ ಅಂತ.

ಮೊದಲ ವರ್ಷ ಅದ್ಭುತವಾಗಿತ್ತು. ದೀಪ ಬೂದಿಗೆ ತಿರುಗಿದರೆ ಉಪನ್ಯಾಸಕರು ನಿಂತು, ಹಿಂದೆ ಹೋಗಿ, ಬೇರೆ ಉದಾಹರಣೆ ಕೊಟ್ಟು ಮತ್ತೆ ಹೇಳುತ್ತಿದ್ದರು. ಕಸ್ತೂರಿ ಒಂದು ಭಾನುವಾರ ಗುಡ್ಡ ಇಳಿಯುತ್ತ ಗ್ರಹಣ ಯಾಕೆ ತಿಂಗಳಿಗೊಮ್ಮೆ ಆಗುವುದಿಲ್ಲ ಎಂಬುದನ್ನು ದಾರಿಯ ಕಲ್ಲು ಎತ್ತಿಕೊಂಡು ತೋರಿಸಿದಳು. ಸರಿಯಾಗಿಯೇ ತೋರಿಸಿದಳು. ಆ ದಿನ ನೀಲಗಂಗಾ ಮನೆಗೆ ಹೋಗಿ, ಶಂಕರನ ಎದುರು ಕೂತು, ಯಾಕೆಂದು ಹೇಳದೆ ಅತ್ತಿದ್ದಳು. ಚಿತ್ರಕಲಾ ಮಾಸ್ತರನಾದ ಶಂಕರ ಕೈಯಲ್ಲಿನ ಬ್ರಷ್ ಕೆಳಗಿಟ್ಟು ಅವಳಿಗೆ ಚಹಾ ಮಾಡಿಕೊಟ್ಟಿದ್ದ.

ಆಮೇಲೆ ಕುಲಪತಿ ನಾಡಗೌಡರು ಒಂದು ನಿಯಮ ಮಾಡಿದರು. ದೀಪ ನೂರಕ್ಕೆ ಅರವತ್ತಾದರೂ ಬೆಳಗಿಸದ ಉಪನ್ಯಾಸಕರನ್ನು ಮತ್ತೆ ಕರೆಯುವಂತಿಲ್ಲ. ಭೂಗರ್ಭಶಾಸ್ತ್ರದ ಹಿರಿಯರೊಬ್ಬರು "ಇದು ಹೀಗಿರಬಹುದು, ಹಾಗೂ ಇರಬಹುದು, ನಮಗಿನ್ನೂ ಗೊತ್ತಿಲ್ಲ" ಎಂದು ತಡೆದು ತಡೆದು ಮಾತಾಡುವವರು. ಅವರ ದೀಪ ಮೇಲೇಳಲೇ ಇಲ್ಲ. ಅವರ ಹೆಸರು ಉಪನ್ಯಾಸಗಳ ಫಲಕದಿಂದ ಹೋಯಿತು. ಅವರ ಜಾಗಕ್ಕೆ ಬಂದವರು ದೀಪ ಓದುವುದನ್ನು ಕಲಿತವರು. ಅಂಬಿಗ ನೀರು ನೋಡಿ ಹುಟ್ಟು ಹಾಕುವಂತೆ ಇವರು ಬಣ್ಣ ನೋಡಿ ಮಾತು ಹಾಕುತ್ತಿದ್ದರು. ಸಭಾಂಗಣ ಮೊದಲಿಗಿಂತ ತುಂಬಿತು. ಕ್ಯಾಂಟೀನಿನಲ್ಲಿ ಮಾತ್ರ ವಾದ ನಿಂತಿತು. ಎಲ್ಲರಿಗೂ ತಿಳಿದಿತ್ತಲ್ಲ, ವಾದ ಯಾತಕ್ಕೆ?

ಅದರಲ್ಲೇ ಒಂದು ದಿನ ನೀಲಗಂಗಾಳ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ರೆಹಾನಾ ಮುಜಾವರ ಪ್ರಯೋಗಾಲಯದಲ್ಲಿ ಅವಳನ್ನು ತಡೆದಳು. ರೆಹಾನಾ ಮಾತು ಕಡಿಮೆ, ಕೆಲಸ ಗಟ್ಟಿ.

"ಮೇಡಂ, ಒಂದು ತೊಡಕಾಗೇದ್ರಿ. ವಿದ್ಯಾರ್ಥಿಗಳಿಗೆ ಲೆಕ್ಕದ ಒಗಟು ಕೊಟ್ಟಿದ್ವಲ್ಲ, ಅದರಾಗ ಅರ್ಧ ಮಂದಿಗೆ ಬೇಕಂತ ತಪ್ಪು ವಿವರಣೆ ಕೊಟ್ಟೆ. ಛಂದಂಗ, ಸರಳಂಗ, ಆದ್ರ ತಪ್ಪು."

"ಅಲೆ ಬರಲಿಲ್ಲ, ಹೌದಿಲ್ಲೋ?"

"ಬಂತ್ರಿ. ಸರಿ ವಿವರಣೆ ಕೇಳಿದವರಿಗಿಂತ ಜೋರ ಬಂತು."

ನೀಲಗಂಗಾ ಪರದೆಯ ಮುಂದೆ ಕೂತಳು. ಅಲೆಗಳು ಒಂದರ ಮೇಲೊಂದು ಹಾಯ್ದಿದ್ದವು. ತಪ್ಪು ತಿಳಿದವರದೂ ಸರಿ ತಿಳಿದವರದೂ ಒಂದೇ ಆಕಾರ. ಯಂತ್ರ ಹಿಡಿಯುತ್ತಿದ್ದುದು ತಿಳಿವನ್ನಲ್ಲ. ತಿಳಿಯಿತೆಂಬ ನೆಮ್ಮದಿಯನ್ನು.

ಅದೇ ದಿನ ಅವಳು ಕುಲಪತಿಗಳ ಕೋಣೆಗೆ ಹೋದಳು. ನಾಡಗೌಡರು ಸಮಾಧಾನದಿಂದ ಕೇಳಿದರು. "ಖರೇ ಇರಬಹುದು ಮೇಡಂ. ಆದ್ರ ಮುಂದಿನ ತಿಂಗಳ ಸಚಿವರು ಬರೂದೈತಿ. ಎಲ್ಲಾ ಜಿಲ್ಲಾಕ್ಕೂ ಒಂದೊಂದು ದೀಪ ಅಂತ ಆದೇಶ ಆಗೂದೈತಿ. ನೀವು ಇನ್ನಷ್ಟು ಪರೀಕ್ಷೆ ಮಾಡ್ರಿ, ಅವಸರ ಏನೈತಿ? ತಿಳುವಳಿಕಿಂದ ಯಾರರ ಸತ್ತಾರೇನು?"

ನೀಲಗಂಗಾ ಒಪ್ಪಿದಳು. ಇನ್ನಷ್ಟು ಪರೀಕ್ಷೆ ಬೇಕೆಂಬುದು ಸುಳ್ಳೇನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಸಚಿವರು ಬಂದರು, ಹಾರ ಬಿತ್ತು, ಆದೇಶ ಆಯಿತು.

ಮಳೆಗಾಲ ಮುಗಿಯುತ್ತಿದ್ದಂತೆ ಊರಿಗೆ ಕೆಂಜ್ವರ ಬಂತು. ಸೊಳ್ಳೆಯಿಂದ ಹರಡುವ ಹೊಸ ಜ್ವರ. ಮೈಯೆಲ್ಲ ಕೆಂಪು ಗಂಧೆ, ಕಣ್ಣಗುಡ್ಡೆಯ ಹಿಂದೆ ನೋವು, ಕೆಂಡದಂಥ ಸುಡುವಿಕೆ. ಹಾಸ್ಟೆಲ್ಲುಗಳು ಅರ್ಧ ಖಾಲಿಯಾದವು. ಆ ಭಾನುವಾರದ ಉಪನ್ಯಾಸಕ್ಕೆ ಸಾಂಕ್ರಾಮಿಕ ರೋಗಗಳ ವೈದ್ಯ ಡಾ. ಕಿರಣ ಬೆಟಗೇರಿಯನ್ನು ಕರೆಸಿದರು. ಬುದ್ಧಿವಂತ, ಪ್ರಾಮಾಣಿಕ, ಹಗಲುರಾತ್ರಿ ವಾರ್ಡಿನಲ್ಲಿ ದುಡಿದು ಕಣ್ಣು ಕೆಂಪಾಗಿದ್ದ ಯುವಕ. ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಸ್ತೂರಿ ತನ್ನ ಎಂದಿನ ಸಾಲಿನಲ್ಲಿದ್ದಳು. ನೀಲಗಂಗಾ ಮೇಲಿನ ನಿಯಂತ್ರಣ ಕೋಣೆಯಲ್ಲಿ, ಗಾಜಿನ ಹಿಂದೆ.

ಸೊಳ್ಳೆ, ನಿಂತ ನೀರು, ಪರದೆ, ಇಲ್ಲಿಯವರೆಗೆ ದೀಪ ಹಳದಿಯಾಗಿ ಹಿತವಾಗಿ ಉರಿಯಿತು. ಆಮೇಲೆ ಡಾಕ್ಟರ್ ಹೇಳಿದ, "ಈ ರೋಗದಾಗ ಒಂದು ವಿಚಿತ್ರ ಐತ್ರಿ. ಜ್ವರ ಇದ್ದಾಗ ಅಪಾಯ ಕಡಿಮಿ. ಜ್ವರ ಇಳಿದ ಮ್ಯಾಲಿನ ಎರಡು ದಿನಾನ ಖರೇ ಅಪಾಯ. ಆವಾಗ ರಕ್ತನಾಳದ ಗೋಡಿ ಸಡಲಾಗಿ, ರಕ್ತದಾಗಿನ ನೀರು ಹೊರಗ ಸೋರತದ. ಮೈ ತಣ್ಣಗಾತು ಅಂತ ನೀವು ಸುಮ್ನ ಇರ್ತೀರಿ, ಒಳಗ ರಕ್ತದ ಒತ್ತಡ ಕುಸೀತಿರತದ."

ದೀಪ ಬೂದಿಗೆ ಇಳಿಯಿತು. ಜ್ವರ ಇಳಿದರೆ ಅಪಾಯ? ಸಭೆಯ ಹುಬ್ಬುಗಳು ಗಂಟಿಕ್ಕಿದವು. ಹುಟ್ಟಿದಂದಿನಿಂದ ಕಂಡುಂಡದ್ದಕ್ಕೆ ತದ್ವಿರುದ್ಧವಾದ ಮಾತು. ಡಾಕ್ಟರ್ ಇನ್ನೊಮ್ಮೆ ಬೇರೆ ರೀತಿಯಲ್ಲಿ ಹೇಳಲು ನೋಡಿದ. ದೀಪ ಇನ್ನೂ ಮಂಕಾಯಿತು. ಹಿಂದಿನ ಸಾಲಿನಲ್ಲಿ ಗುಸುಗುಸು ಎದ್ದಿತು. ಅವನು ಗೋಳದತ್ತ ತಲೆಯೆತ್ತಿ ನೋಡಿದ್ದನ್ನು ನೀಲಗಂಗಾ ಗಾಜಿನ ಹಿಂದಿನಿಂದ ಕಂಡಳು.

"ಹಿಂಗ ತಿಳ್ಕೋರಿ," ಎಂದ ಅವನು, ದನಿ ಬದಲಿಸಿ. "ನಮ್ಮ ಮೈ ಅಂದ್ರ ಒಂದು ಕ್ವಾಟಿ. ವೈರಿ ನುಗ್ಗಿದಾಗ ಕಾಳಗ. ಆ ಕಾಳಗದ ಬಿಸೀನ ಜ್ವರ. ಕಾಳಗ ಮುಗದ ಮ್ಯಾಲ ಸೈನಿಕರಿಗೆ ದಣಿವು. ಆವಾಗ ಏನ್ ಬೇಕು? ವಿಶ್ರಾಂತಿ ಬೇಕು, ಗಂಜಿ ಬೇಕು, ಎಳನೀರು ಬೇಕು."

ಭಗ್ಗನೆ ದೀಪ ಹತ್ತಿಕೊಂಡಿತು. ಕೇಸರಿ ಬೆಳಕು ಗೋಡೆಯ ಮೇಲೆಲ್ಲ ಹರಿಯಿತು. ಜನರ ಮುಖ ಅರಳಿತು. ಡಾಕ್ಟರನ ಹೆಗಲು ಸಡಿಲವಾಯಿತು. ಗಾಜಿನ ಹಿಂದೆ ನೀಲಗಂಗಾ ಕೂಡ ಹಿಡಿದಿದ್ದ ಉಸಿರು ಬಿಟ್ಟಳು. ಅಬ್ಬಾ, ಉಳಿಸಿಕೊಂಡ ಎಂದುಕೊಂಡಳು. ಕೊನೆಗೆ ಅವನು "ಏನರ ಅನುಮಾನ ಬಂದ್ರ ದವಾಖಾನಿಗೆ ಬರ್ರಿ" ಎಂದೂ ಹೇಳಿದ. ಅದು ಚಪ್ಪಾಳೆಯಲ್ಲಿ ಕೊಚ್ಚಿಹೋಯಿತು.

ಮುಂದಿನ ವಾರ ಮಂದಾಕಿನಿ ಮಲಗಿದಳು. ಕಸ್ತೂರಿ ಖಾನಾವಳಿ ಮುಚ್ಚಿ ಮಗಳ ಹಾಸಿಗೆಯ ಪಕ್ಕ ಕೂತಳು. ತಣ್ಣೀರು ಪಟ್ಟಿ ಹಾಕಿದಳು, ಗಂಜಿ ಕುಡಿಸಿದಳು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಮಾಡಿದಳು. ಜ್ವರ ಒಂದು ಬೆಳಿಗ್ಗೆ ಪೂರ್ತಿ ಇಳಿಯಿತು. ಕಸ್ತೂರಿ ಫೋನ್ ಮಾಡಿದಳು.

"ವೈನಿ, ಮೈ ತಣ್ಣಗಾತು ನೋಡ್ರಿ. ಕ್ವಾಟಿ ಗೆದ್ಲು ನನ್ನ ಮಗಳು."

"ಭಾಳ ಛಲೋ ಆತು," ಎಂದಳು ನೀಲಗಂಗಾ. ಆ ಉಪನ್ಯಾಸವನ್ನು ಮೊದಲಿಂದ ಕೊನೆಯತನಕ ಕೇಳಿದ್ದವಳು ಅವಳು. ಡಾಕ್ಟರನ ಮೊದಲ ಮಾತನ್ನೂ ಕೇಳಿದ್ದಳು. ಆದರೂ ಅದೇ ಮಾತು ಬಂತು ಬಾಯಿಗೆ. ಫೋನ್ ಇಟ್ಟು ತರಗತಿಗೆ ಹೋದಳು.

ಅಂದು ಸಂಜೆ ಮಂದಾಕಿನಿ ಹೊಟ್ಟೆ ನೋವೆಂದಳು. ರಾತ್ರಿ ಎರಡು ಸಲ ವಾಂತಿ ಮಾಡಿದಳು. ಬೆಳಗಾಗುವಷ್ಟರಲ್ಲಿ ಅಂಗೈ ಅಂಗಾಲು ತಣ್ಣಗೆ ಬೆವತಿದ್ದವು, ಆದರೆ ಮೈಯೇ ತಣ್ಣಗಿತ್ತಲ್ಲ! "ದಣಿವು ಮಗಾ, ಮಲಕ್ಕೋ" ಎಂದು ಕಸ್ತೂರಿ ಹೊದಿಕೆ ಹೊದಿಸಿದಳು. ಮಧ್ಯಾಹ್ನ ಶಂಕರ ತಂಗಿಯ ಮಗಳನ್ನು ನೋಡಲು ಹೋದಾಗ ಅವಳು ಮಾತಿಗೆ ಸಿಗುವ ಸ್ಥಿತಿಯಲ್ಲಿರಲಿಲ್ಲ. ಎತ್ತಿಕೊಂಡು ಓಡಿದ. ದವಾಖಾನೆಯಲ್ಲಿ ಸೂಜಿ ಚುಚ್ಚಲು ನರವೇ ಸಿಗಲಿಲ್ಲ. ಹೊತ್ತು ಮುಳುಗುವ ಮುಂಚೆ ಎಲ್ಲ ಮುಗಿದಿತ್ತು.

ಆ ತಿಂಗಳು ಸವಣಗಿರಿಯಲ್ಲಿ ಹಾಗೆ ಹೋದವರು ಅವಳೊಬ್ಬಳೇ ಅಲ್ಲ. ಜ್ವರದಲ್ಲಿ ಸತ್ತವರು ಕಡಿಮೆ. ಜ್ವರ ಬಿಟ್ಟ ಮೇಲೆ ಸತ್ತವರೇ ಹೆಚ್ಚು. ಡಾ. ಬೆಟಗೇರಿ ಒಂದು ದಿನ ವಾರ್ಡಿನಿಂದ ಹೊರಗೆ ಬಂದು, ಕೋಟು ಕಳಚಿ ಗೇಟಿನ ಕಂಬಕ್ಕೆ ತೂಗುಹಾಕಿ, ಯಾರಿಗೂ ಹೇಳದೆ ಊರು ಬಿಟ್ಟ.

ದಿನ ಕರ್ಮಗಳು ಮುಗಿದ ಮೇಲೆ ನೀಲಗಂಗಾ ಕಸ್ತೂರಿಯ ಮನೆಗೆ ಹೋದಳು. ಕಸ್ತೂರಿ ಅಡುಗೆಮನೆಯ ಗೋಡೆಗೆ ಒರಗಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ.

"ನಿಮ್ಮ ಮ್ಯಾಲ ನನಗ ಸಿಟ್ಟಿಲ್ಲ ವೈನಿ," ಎಂದಳು ಕಸ್ತೂರಿ. ದನಿ ಒಣಗಿತ್ತು. "ಆದ್ರ ಒಂದ್ ಮಾತ ಹೇಳ್ತೇನಿ. ಮೊದಲಿನ ಹಂಗ ನನಗೇನೂ ತಿಳೀಲಾರದ ಇದ್ದಿದ್ರ, ಗಾಬರ್ಯಾಗಿ ಓಣ್ಯಾಗಿನ ಯಾರನರ ಕೇಳತಿದ್ದೆ. ಡಾಕ್ಟರ ಕಡೆ ಓಡತಿದ್ದೆ. ನನಗ ತಿಳದೈತಿ ಅಂತ ಸುಮ್ನ ಕುಂತೆ. ಆಕಿ ಅವ್ವಾ ಹೊಟ್ಟಿ ನೋಯ್ತದ ಅಂತಿದ್ಲು. ನಾ ಆಕಿಗೆ ತಿಳಿಸಿ ಹೇಳಾಕತ್ತಿದ್ದೆ."

ನೀಲಗಂಗಾ ಅವಳ ಕೈ ಹಿಡಿಯಲು ಹೋದಳು. ಕಸ್ತೂರಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಶಂಕರ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಊಟಕ್ಕೆ ಕೂತಾಗ ಒಂದೇ ಸಲ ಅಂದ, "ನಿಂದ ತಪ್ಪ ಅಂತ ನಾ ಹ್ಯಾಂಗ ಅನ್ನಲಿ? ನೀ ಆ ದೀಪ ಕಸ್ತೂರಿ ಸಲುವಾಗಿ ಮಾಡಿದ್ದಿ. ಆದ್ರ ಈಗ ತಂಗಿ ಮುಂದ ಹೋಗಿ ನಾ ಹ್ಯಾಂಗ ಕುಂಡ್ರಲಿ ಹೇಳು?"

ನೀಲಗಂಗಾ ಪ್ರಯೋಗಾಲಯಕ್ಕೆ ಹೋಗಿ ರೆಹಾನಾಳನ್ನು ಕರೆದಳು. ಕೆಂಜ್ವರದ ಉಪನ್ಯಾಸ ಕೇಳಿದ್ದವರ ಮನೆಮನೆಗೆ ಇಬ್ಬರೂ ತಿರುಗಿದರು. ಕೇಳಿದ್ದು ಒಂದೇ ಪ್ರಶ್ನೆ, "ಜ್ವರ ಇಳಿದ ಮೇಲೆ ಏನು ಮಾಡಬೇಕು ಅಂತ ಡಾಕ್ಟರು ಹೇಳಿದರು?" ಬಹುತೇಕ ಎಲ್ಲರೂ ಕೋಟೆ, ಕಾಳಗ, ಗಂಜಿ ಎಂದರು. ಅಂದಿನ ದಾಖಲೆಯಲ್ಲಿ ಯಾರ ಪಟ್ಟಿ ಎಲ್ಲಕ್ಕಿಂತ ಜೋರಾದ ಅಲೆ ಹಿಡಿದಿತ್ತೋ ಅವರ ಉತ್ತರ ಎಲ್ಲಕ್ಕಿಂತ ತಪ್ಪಾಗಿತ್ತು, ಎಲ್ಲಕ್ಕಿಂತ ಧೈರ್ಯದ್ದೂ ಆಗಿತ್ತು. ಒಬ್ಬ ಮುದುಕಿ ಮಾತ್ರ, "ಅದೇನೋ ಜ್ವರ ಹೋದ್ರ ಅಂಜಬೇಕು ಅಂದಂಗಾತ್ರಿ, ನನಗ ಬರೋಬ್ಬರಿ ಅರ್ಥ ಆಗಲಿಲ್ಲ, ಅದಕ್ಕ ಮಗನ್ನ ದವಾಖಾನಿಗೆ ಒಯ್ದೆ" ಎಂದಳು. ಅವಳ ಮಗ ಜಗುಲಿಯ ಮೇಲೆ ಕೂತು ಸೈಕಲ್ಲಿನ ಗಾಲಿಗೆ ಪಂಕ್ಚರ್ ಹಾಕುತ್ತಿದ್ದ.

"ದೀಪ ಆರಿಸಬೇಕು," ಎಂದಳು ನೀಲಗಂಗಾ ಕುಲಪತಿಗಳ ಎದುರು ನಿಂತು. ಈ ಸಲ ಅವಳು ಕೂರಲಿಲ್ಲ.

ನಾಡಗೌಡರು ಕನ್ನಡಕ ತೆಗೆದು ಒರೆಸಿಕೊಂಡರು. ಅವರೂ ಕೆಟ್ಟವರಲ್ಲ. ಅವರ ತಮ್ಮನೂ ಅದೇ ಜ್ವರದಲ್ಲಿ ಸಾವಿನ ಬಾಯಿಂದ ಪಾರಾಗಿ ಬಂದಿದ್ದ. "ಆರಿಸಿದ್ರ ಮಂದಿ ಏನಂತಾರ ಗೊತ್ತೇನ್ರಿ? ತಮ್ಮ ತಪ್ಪ ಮುಚ್ಚಾಕ ಆರಿಸಿದ್ರು ಅಂತಾರ. ಬ್ಯಾಡ. ನೀವ ವೇದಿಕಿ ಮ್ಯಾಲ ಬರ್ರಿ. ಇದರ ಇತಿಮಿತಿ ಏನೈತಿ ಅಂತ ಜನಕ್ಕ ನೀವ ಹೇಳ್ರಿ. ವಿಜ್ಞಾನ ಅಂದ್ರ ಅದ ಅಲ್ಲೇನು?"

ಆ ಮಾತು ಅವಳಿಗೆ ಸರಿಯೆನಿಸಿತು. ಜನರನ್ನು ನಂಬಬೇಕು ಎಂದುಕೊಂಡಳು.

ಆ ಭಾನುವಾರ ಸಭಾಂಗಣ ಕಿಕ್ಕಿರಿದಿತ್ತು. ಊರು ಶೋಕದಲ್ಲಿತ್ತು. ಹಾಗಾಗಿ ಇನ್ನೂ ಹೆಚ್ಚು ಜನ. ಕಸ್ತೂರಿ ಬಂದಿರಲಿಲ್ಲ. ಮಗಳು ಹೋದ ಮೇಲೆ ಅವಳು ಗುಡ್ಡ ಹತ್ತಿರಲಿಲ್ಲ. ಶಂಕರ ಬಂದು ಮೂರನೆಯ ಸಾಲಿನಲ್ಲಿ ಕೂತಿದ್ದ.

ನೀಲಗಂಗಾ ನೇರವಾಗಿ ಶುರು ಮಾಡಿದಳು. "ಈ ದೀಪ ನಾನ ಮಾಡಿದ್ದು. ಇದು ನಿಮಗ ತಿಳಿದದ್ದನ್ನ ತೋರಸೂದಿಲ್ಲ. ತಿಳೀತು ಅಂತ ನಿಮಗ ಅನಿಸಿದ್ದನ್ನ ತೋರಸತದ. ಎರಡೂ ಬ್ಯಾರೆ ಬ್ಯಾರೆ." ಅಲೆಗಳ ಬಗ್ಗೆ ಹೇಳಿದಳು, ರೆಹಾನಾಳ ಪ್ರಯೋಗದ ಬಗ್ಗೆ ಹೇಳಿದಳು, ಮನೆಮನೆಯಲ್ಲಿ ಕೇಳಿದ ಉತ್ತರಗಳ ಬಗ್ಗೆ ಹೇಳಿದಳು. ಗೋಳ ಬೂದಿಯಾಯಿತು. ಜನ ಕೆಮ್ಮಿದರು, ಕಾಲು ಬದಲಿಸಿ ಕೂತರು. ಬಾಗಿಲ ಬಳಿಯ ನಾಲ್ಕಾರು ಮಂದಿ ಎದ್ದು ಚಹಾಕ್ಕೆ ಹೋದರು. ತಲೆಯ ಮೇಲಿನ ಆ ಬೂದಿ ಬಣ್ಣ ಹೆಗಲ ಮೇಲೆ ಕೂತಂತೆ ಭಾರವಾಗಿತ್ತು. ಇದನ್ನು ಉಳಿದ ಉಪನ್ಯಾಸಕರೆಲ್ಲ ಹೇಗೆ ತಡೆದುಕೊಂಡರೋ ಎಂದು ಮೊದಲ ಸಲ ಅನ್ನಿಸಿತು. ತಡೆದುಕೊಂಡಿರಲಿಲ್ಲ, ಅಷ್ಟೇ.

ಹೇಳಬೇಕೆಂದು ಹೊರಟಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು. "ನಮ್ಮ ಮನ್ಯಾಗ ಒಬ್ಬ ಹುಡಿಗಿ ಇದ್ಲು. ಮಂದಾಕಿನಿ ಅಂತ."

ಗೋಳದಲ್ಲಿ ಹಳದಿ ಮೂಡಿತು. ಅವಳು ಮುಂದುವರಿಸಿದಳು. ಹಾಸಿಗೆಯ ಪಕ್ಕದ ತಾಯಿ, ತಣ್ಣೀರು ಪಟ್ಟಿ, ಗಂಜಿಯ ಬಟ್ಟಲು. ಬಳ್ಳಿ ಬಿಸಿಲಿನತ್ತ ತಿರುಗುವಂತೆ ಅವಳ ಮಾತು ಬೆಳಕಿನತ್ತ ತಿರುಗಿತು. ಯಾವ ಪದಕ್ಕೆ ಬಣ್ಣ ಏರುತ್ತದೆ, ಎಲ್ಲಿ ತಡೆದು ನಿಂತರೆ ಉರಿ ಉಳಿಯುತ್ತದೆ, ಹತ್ತು ನಿಮಿಷದಲ್ಲಿ ಅವಳಿಗೆ ಗೊತ್ತಾಗಿಹೋಯಿತು. ನಡುನಡುವೆ "ನೆನಪಿಡ್ರಿ, ಜ್ವರ ಇಳಿದ ಮ್ಯಾಲನ ಅಪಾಯ, ದವಾಖಾನಿಗೆ ಹೋಗ್ರಿ" ಎಂದಳು. ಒಂದು ಸಲವಲ್ಲ, ಮೂರು ಸಲ. ಪ್ರತಿ ಸಲವೂ ದೀಪ ತುಸು ನಡುಗಿ ಮಂಕಾಗುತ್ತಿತ್ತು. ಅವಳು ಮತ್ತೆ ಕಥೆಗೆ ಮರಳುತ್ತಿದ್ದಳು. ಮೂರನೆಯ ಸಾಲಿನಿಂದ ಶಂಕರ ಎದ್ದ. ತಂಗಿಯ ಮನೆಯ ದುಃಖವನ್ನು ಸಭೆಯ ನಡುವೆ ಹರವಿದ್ದನ್ನು ಇನ್ನು ಕೂತು ನೋಡಲಾರೆ ಎಂಬಂತೆ, ಯಾರ ಮುಖವನ್ನೂ ನೋಡದೆ ಹೊರನಡೆದ. ಅವಳು ಕಂಡಳು. ನಿಲ್ಲಿಸಲಿಲ್ಲ.

ಮುಗಿದಾಗ ಸಭಾಂಗಣ ಹೊತ್ತಿ ಉರಿದಂತೆ ಕೇಸರಿಯಾಗಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಕಣ್ಣೊರೆಸಿಕೊಂಡರು. ಕುಲಪತಿಗಳು ಶಾಲು ಹೊದಿಸಿದರು. "ಇಂಥಾ ಬೆಳಕು ನಾ ಈ ಸಭಾದಾಗ ಕಂಡಿಲ್ಲ" ಎಂದು ಮೈಕಿನಲ್ಲಿ ಹೇಳಿದರು. ಸಾಲುಗಟ್ಟಿ ಜನ ಕಾಲಿಗೆ ಬೀಳಲು ಬಂದರು.

"ದೀಪ ಸುಳ್ಳು ಹೇಳತದ ಅಂತ ಇವತ್ತ ಖರೇನ ತಿಳೀತ್ರಿ ಮೇಡಂ," ಎಂದರು ವಕೀಲರೊಬ್ಬರು, ಗೋಳದತ್ತ ಕೈ ತೋರಿಸಿ. "ನೋಡ್ರಿ, ಹ್ಯಾಂಗ ಉರಿಯಾಕತ್ತೈತಿ!"

ಅವರ ಹಿಂದೆ ನಿಂತಿದ್ದವನು ವಯಸ್ಸಾದ ಕಮ್ಮಾರ. ಹೆಸರು ದ್ಯಾಮಪ್ಪ ಎಂದ. ಅಂಗೈಯಲ್ಲಿ ಸುಟ್ಟ ಕಲೆಗಳು. ಕಣ್ಣಲ್ಲಿ ನೀರಿತ್ತು.

"ಭಾಳ ಸಮಾಧಾನ ಆತ್ರಿ ತಾಯಿ ನಿಮ್ಮ ಮಾತ ಕೇಳಿ. ನಮ್ಮ ಮನ್ಯಾಗೂ ಮಮ್ಮಗಳು ಮಲಗಿದ್ಲು. ಪುಣ್ಯಾಕ್ಕ ನಿನ್ನೆ ಜ್ವರ ಬಿಟ್ಟೈತ್ರಿ. ಇನ್ನ ಅಂಜಿಕಿಲ್ಲ."

ನೀಲಗಂಗಾ ಅವನನ್ನೇ ನೋಡಿದಳು. "ಏನಂದ್ರಿ?"

"ಜ್ವರ ಬಿಟ್ಟೈತ್ರಿ. ಮೈ ತಣ್ಣಗೈತಿ. ಹೊಟ್ಟಿ ನೋಯ್ತದ ಅಂತ ಒಂದ ಸವನ ಅಳತದ ಕೂಸು, ಅದು ದಣಿವ ಇರಬೇಕು."

ಅವಳು ಅವನ ರಟ್ಟೆ ಹಿಡಿದಳು. ಸಾಲು, ಶಾಲು, ಕುಲಪತಿ, ಕ್ಯಾಮೆರಾ ಎಲ್ಲವನ್ನೂ ಸೀಳಿಕೊಂಡು ಅವನನ್ನು ಮೆಟ್ಟಿಲಿಳಿಸಿ ಆಟೋದಲ್ಲಿ ತಳ್ಳಿದಳು. ಕಮ್ಮಾರ ಓಣಿಯ ತಗಡಿನ ಮನೆಯಲ್ಲಿ ಆರು ವರ್ಷದ ಹುಡುಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಂಗಾಲು ಮಂಜಿನಂತಿತ್ತು. ಬೆಳಗಿನಿಂದ ಉಚ್ಚೆ ಹೊಯ್ದಿಲ್ಲ ಎಂದಳು ತಾಯಿ. ನೀಲಗಂಗಾ ಶಾಲಿನಲ್ಲೇ ಸುತ್ತಿ ಎತ್ತಿಕೊಂಡಳು. ದಾರಿಯುದ್ದಕ್ಕೂ ದ್ಯಾಮಪ್ಪನಿಗೆ ಹೇಳಿದಳು, ಜ್ವರ ಇಳಿದಾಗಲೇ ಅಪಾಯ, ಒಳಗೆ ನೀರು ಸೋರುತ್ತದೆ, ಅದಕ್ಕೇ ಹೊಟ್ಟೆ ನೋವು, ಅದಕ್ಕೇ ಕೈಕಾಲು ತಣ್ಣಗೆ. "ಈಗ ನೀವ ಹೇಳ್ರಿ" ಎಂದಳು. ಅವನು ತಪ್ಪು ಹೇಳಿದ. ಮತ್ತೆ ಹೇಳಿದಳು. ಅವನು ಮತ್ತೆ ಅರ್ಧ ತಪ್ಪು ಹೇಳಿದ. ಅವನ ಮುಖದಲ್ಲಿ ಅರಳಿದ್ದ ಸಮಾಧಾನ ಕರಗಿ, ಗೊಂದಲ ಬಂತು, ಆಮೇಲೆ ಹೆದರಿಕೆ ಬಂತು. ದವಾಖಾನೆಯ ಗೇಟಿನ ಹತ್ತಿರ ಬರುವಷ್ಟರಲ್ಲಿ ಅವನು ಸರಿಯಾಗಿ ಹೇಳಿದ. ಹೇಳಿ ಅಳತೊಡಗಿದ.

ಹುಡುಗಿಗೆ ನರ ಸಿಕ್ಕಿತು. ಸಲಾಯಿನ್ ಹನಿಯತೊಡಗಿತು. "ಇನ್ನೊಂದ್ ತಾಸು ತಡಾ ಆಗಿದ್ರ ನಮ್ಮ ಕೈಯಾಗ ಇರತಿರಲಿಲ್ಲ," ಎಂದಳು ವಾರ್ಡಿನ ಡಾಕ್ಟರ್. ಸಂಜೆಯ ಹೊತ್ತಿಗೆ ಕೂಸು ನೀರು ಕೇಳಿತು, ಉಚ್ಚೆ ಹೊಯ್ದಿತು. ಬದುಕುತ್ತದೆ ಎಂದರು.

ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದ ನೀಲಗಂಗಾಳಿಗೆ ಕುಲಪತಿಗಳ ಫೋನ್ ಬಂತು. ನೂರಕ್ಕೆ ತೊಂಬತ್ತಾರು, ಹಿಂದೆಂದೂ ಆಗದ ದಾಖಲೆ. ಇದೇ ಉಪನ್ಯಾಸವನ್ನು ಎಲ್ಲ ಜಿಲ್ಲೆಗಳಲ್ಲೂ ಮಾಡಬೇಕೆಂದು ಸಚಿವರ ಕಚೇರಿಯಿಂದ ಕೇಳಿದ್ದಾರೆ. ಎಲ್ಲ ಕಡೆಗೂ ಹೊಸ ದೀಪ ಬರುತ್ತದೆ, ಇದಕ್ಕಿಂತ ದೊಡ್ಡದು. ಅವಳು ಆ ಕರೆ ಕತ್ತರಿಸಿದಳು. ಶಂಕರನಿಗೆ ಮಾಡಿದಳು. ಅವನು ಎತ್ತಲಿಲ್ಲ.

ದ್ಯಾಮಪ್ಪ ಹೋಟೆಲ್ಲಿನಿಂದ ಚಹಾ ತಂದು ಅವಳ ಕೈಗೆ ಕೊಟ್ಟ. ಪಕ್ಕದಲ್ಲಿ ಕೂರಲು ಸಂಕೋಚಪಟ್ಟು ಗೋಡೆಗೆ ಒರಗಿ ಕುಕ್ಕರಗಾಲಿನಲ್ಲಿ ಕೂತ. ಆಮೇಲೆ ಕೇಳಿದ.

"ತಾಯಿ, ಒಂದ್ ಮಾತ ಕೇಳಿದ್ರ ಸಿಟ್ಟಾಗಬ್ಯಾಡ್ರಿ. ಆಟೋದಾಗ ನನಗ ಹೇಳಿದ್ರಲ್ಲ, ಜ್ವರ ಇಳಿದ ಮ್ಯಾಲ ಅಂಜಬೇಕು ಅಂತ. ಅದನ್ನ ಮುಂಜಾನೆ ಅಲ್ಲೇ, ಅಷ್ಟೂ ಮಂದಿ ಮುಂದ ಹೇಳಿದ್ರ ಎಷ್ಟ್ ಮನಿ ಉಳೀತಿದ್ವಲ್ರಿ. ಯಾಕ ಹೇಳಲಿಲ್ಲ?"

ನೀಲಗಂಗಾ ಅವನ ಮುಖ ನೋಡಿದಳು. ಅದರಲ್ಲಿ ಆಪಾದನೆಯ ಎಳೆಯೂ ಇರಲಿಲ್ಲ.

"ಹೇಳಿದೆ ಯಜಮಾನ್ರ. ಮೂರ ಸರತಿ ಹೇಳಿದೆ."

ದ್ಯಾಮಪ್ಪ ಹಣೆ ತಿಕ್ಕಿಕೊಂಡು ಯೋಚಿಸಿದ. ನೆನಪಿನಲ್ಲಿ ಎಲ್ಲೆಲ್ಲೋ ತಡಕಾಡಿದವನಂತೆ ಕಣ್ಣು ಕಿರಿದು ಮಾಡಿದ. ಆಮೇಲೆ ಇಲ್ಲವೆಂಬಂತೆ ತಲೆ ಅಲ್ಲಾಡಿಸಿದ.

"ನಾ ಮುಂದಿನ ಸಾಲಿನ್ಯಾಗ ಕುಂತಿದ್ದೆನಲ್ರಿ," ಎಂದ.